ಕಾದು ಕುಳಿತ ಒಂದು ರಾತ್ರಿ

ನಮ್ಮ ಪುರಾಣಗಳಲ್ಲಿ ಕಾಲವು ಚಕ್ರದಂತೆ ತಿರುಗುತ್ತದೆ. ಕಲಿಯುಗವೊಂದಕ್ಕೇ 4,32,000 ವರ್ಷ. ಅದು ಕಳೆದರೆ ಮತ್ತೆ ಕೃತಯುಗ. ಆದುದರಿಂದ ಪ್ರಳಯವು ನಮಗೆ ನಾಳೆ ಬೆಳಗಿನ ಚಿಂತೆಯಲ್ಲ. ಕ್ರೈಸ್ತರ ಕಾಲವಾದರೋ ನೇರವಾದ ದಾರಿ. ಸೃಷ್ಟಿಯಲ್ಲಿ ಮೊದಲಾದ ಅದು ಯೇಸುಕ್ರಿಸ್ತನ ಪುನರಾಗಮನದತ್ತ ಸಾಗುತ್ತದೆ. ಆಗ ಸತ್ತ ಭಕ್ತರು ಏಳುವರು, ಬದುಕಿರುವವರೂ ಅವರೊಡನೆ ಮೇಘಗಳಿಗೆ ಒಯ್ಯಲ್ಪಡುವರು ಎಂಬುದು ಸಂತ ಪೌಲನ ಬೋಧೆ. ಆ ದಿನವನ್ನು ತಂದೆಯಾದ ದೇವರ ಹೊರತು ಯಾರೂ ಅರಿಯರೆಂದು ಸುವಾರ್ತೆಯೇ ಹೇಳುತ್ತದೆ. ಆದರೂ ಲೆಕ್ಕ ಹಾಕಿದವರುಂಟು. ಅವರಲ್ಲೊಬ್ಬನ ಕಥೆಯನ್ನು ವಾಚಕರು ಕೇಳಬೇಕು.

ಅಮೆರಿಕದ ನ್ಯೂಯಾರ್ಕ್ ರಾಜ್ಯದ ರೈತ ವಿಲಿಯಂ ಮಿಲ್ಲರ್ (1782–1849) 1812ರ ಯುದ್ಧದಲ್ಲಿ ಹೋರಾಡಿ ಬಂದವನು. ಮೊದಲು ಬೈಬಲ್ಲನ್ನು ನಂಬದಿದ್ದವನು, ಅನಂತರ ಅದನ್ನು ಪದಪದವಾಗಿ ವ್ಯಾಸಂಗ ಮಾಡಿದನು. ಎರಡು ಸಾವಿರದ ಮುನ್ನೂರು ದಿನಗಳ ತರುವಾಯ ಪವಿತ್ರಾಲಯವು ಶುದ್ಧವಾಗುವುದೆಂಬ ಅರ್ಥದ ಮಾತು ದಾನಿಯೇಲನ ಗ್ರಂಥದಲ್ಲಿದೆ. ದಿನವೆಂದರೆ ವರ್ಷ, ಪವಿತ್ರಾಲಯವೆಂದರೆ ಈ ಲೋಕ ಎಂದು ಮಿಲ್ಲರನು ಅರ್ಥಮಾಡಿದನು. ಪಾರಸಿಕ ದೊರೆಯು ಯೆರೂಸಲೇಮಿನ ವಿಷಯವಾಗಿ ಆಜ್ಞೆಯಿತ್ತ ಕ್ರಿ.ಪೂ. 457ರಿಂದ ಎಣಿಸಿದನು. 2300ರಲ್ಲಿ 457 ಕಳೆದರೆ 1843. ಕ್ರಿಸ್ತಪೂರ್ವ, ಕ್ರಿಸ್ತಶಕಗಳ ನಡುವೆ ಸೊನ್ನೆಯ ವರ್ಷವಿಲ್ಲವಾಗಿ ಒಂದನ್ನು ಕೂಡಿಸಬೇಕು: 1844.

1831ರಿಂದ ಅವನು ಬೋಧಿಸತೊಡಗಿದನು. ಜೋಶುವಾ ಹೈಮ್ಸ್ ಎಂಬ ಪಾದ್ರಿಯು ಪತ್ರಿಕೆಗಳನ್ನು ಹೊರಡಿಸಿ ಆ ಮಾತನ್ನು ಊರೂರಿಗೂ ಮುಟ್ಟಿಸಿದನು; ಸಾವಿರಾರು ಜನ ನಂಬಿದರು. ಮೊದಲು ಹೇಳಿದ ಅವಧಿಯು 1844ರ ಮಾರ್ಚಿಯಲ್ಲಿ ಬರಿದೇ ಕಳೆಯಿತು. ಸ್ಯಾಮ್ಯುಯಲ್ ಸ್ನೋ ಎಂಬುವನು ಮತ್ತೆ ಗುಣಿಸಿ ಅಕ್ಟೋಬರ್ 22 ಎಂದನು. ಮಿಲ್ಲರನು ಹಿಂದೆಗೆಯುತ್ತಿದ್ದು, ಅಕ್ಟೋಬರ್ ಮೊದಲ ವಾರದಲ್ಲಷ್ಟೇ ಒಪ್ಪಿದನು.

ಆ ದಿನಗಳನ್ನು ಊಹಿಸಿಕೊಳ್ಳಿ. ಕೆಲವರು ಅಂಗಡಿ ಮುಚ್ಚಿದರು, ಕೆಲವರು ಸಾಲ ತೀರಿಸಿದರು, ಕೆಲವರು ಬೆಳೆಯನ್ನು ಹೊಲದಲ್ಲಿಯೇ ಬಿಟ್ಟರು. ಬಿಳಿಯ ನಿಲುವಂಗಿ ತೊಟ್ಟು ಮನೆಯ ಮಾಡನ್ನೇರಿ ಕುಳಿತರೆಂಬ ಕಥೆಯೂ ಉಂಟು. ಅದು ಹೆಚ್ಚಾಗಿ ಪರಿಹಾಸ್ಯಗಾರರು ಹಬ್ಬಿಸಿದ್ದು. ಮನೆಗಳಲ್ಲಿ, ಸಭಾಗೃಹಗಳಲ್ಲಿ ಕೂಡಿ ಪ್ರಾರ್ಥಿಸುತ್ತ ಕಾದರು. ನಡುರಾತ್ರಿ ಕಳೆಯಿತು. ಬೆಳಗಾಯಿತು. ಎಂದಿನ ಸೂರ್ಯನೇ ಎಂದಿನಂತೆ ಮೂಡಿದನು. ಬೆಳಗಾಗುವವರೆಗೂ ಅತ್ತೆವೆಂದು ಹೈರಂ ಎಡ್ಸನ್ ಎಂಬ ರೈತನು ಬರೆದಿಟ್ಟಿದ್ದಾನೆ. ಚರಿತ್ರೆಯಲ್ಲಿ ಇದಕ್ಕೆ 'ಮಹಾ ನಿರಾಶೆ' ಎಂದೇ ಹೆಸರು.

ಆಮೇಲೇನಾಯಿತು? ಹಲವರು ಹಿಂದಿನ ಸಭೆಗಳಿಗೆ ಮರಳಿದರು, ಹಲವರು ನಂಬಿಕೆಯನ್ನೇ ತೊರೆದರು. ದಿನ ಸರಿ, ನಡೆದದ್ದು ಪರಲೋಕದಲ್ಲಿ ಎಂದವರು 1863ರಲ್ಲಿ ಏಳನೆಯ ದಿನದ ಅಡ್ವೆಂಟಿಸ್ಟ್ ಸಭೆಯನ್ನು ಸಂಘಟಿಸಿದರು. ಅತ್ತ ಬ್ರಿಟನ್ನಿನ ಜಾನ್ ನೆಲ್ಸನ್ ಡಾರ್ಬಿಯು 1830ರ ದಶಕದಿಂದಲೇ ಬೇರೊಂದು ಮಾತು ಹೇಳುತ್ತಿದ್ದನು: ಮಹಾಸಂಕಟಕ್ಕೆ ಮೊದಲೇ ಕ್ರಿಸ್ತನು ಭಕ್ತರನ್ನು ಮೇಲಕ್ಕೆತ್ತಿಕೊಳ್ಳುವನು. ಅವನು ದಿನವನ್ನು ಗೊತ್ತುಮಾಡಲಿಲ್ಲ. ಅವನ ಮತವು 1909ರ ಸ್ಕೋಫೀಲ್ಡ್ ಬೈಬಲ್ಲಿನ ಟಿಪ್ಪಣಿಗಳ ಮೂಲಕ ಅಮೆರಿಕದಲ್ಲಿ ಬಹಳ ಹರಡಿತು.

ನಗುವುದು ಸುಲಭ. ಆದರೆ ಮಿಲ್ಲರನು ಕಪಟಿಯಲ್ಲ. ಲೆಕ್ಕ ತಪ್ಪಿತೆಂದು ಬಾಯಿಬಿಟ್ಟು ಒಪ್ಪಿಕೊಂಡನು. ತರಗತಿಯಲ್ಲಿ ಉತ್ತರ ತಪ್ಪಿದಾಗ ಹುಡುಗರು ಕೂಡುವುದು ಕಳೆಯುವುದನ್ನಷ್ಟೇ ಪರೀಕ್ಷಿಸುತ್ತಾರೆ. ಪ್ರಶ್ನೆಯನ್ನೇ ತಪ್ಪಾಗಿ ಓದಿಕೊಂಡದ್ದು ಹೊಳೆಯುವುದಿಲ್ಲ. ಮಿಲ್ಲರನ ಗುಣಾಕಾರದಲ್ಲಿ ದೋಷವಿರಲಿಲ್ಲ. ಅವನು ಕೊನೆಗಾಲದಲ್ಲಿ ಮನೆಯ ಬಳಿ ಚಿಕ್ಕ ಪ್ರಾರ್ಥನಾಮಂದಿರವೊಂದನ್ನು ಕಟ್ಟಿಸಿ, 1849ರ ಡಿಸೆಂಬರಿನಲ್ಲಿ ತೀರಿಕೊಂಡನು. ದಿನವನ್ನು ಹೇಳುವುದನ್ನು ಬಿಟ್ಟಿದ್ದನು, ಕಾಯುವುದನ್ನು ಬಿಟ್ಟಿರಲಿಲ್ಲ.