ತಂಗಡಿ ಯಾರ ಗಿಡ?

ಚನ್ನಗಿರಿ ಸೀಮೆಯ ಬೋರೆಗಳಲ್ಲಿ ತಂಗಡಿಯನ್ನು ಯಾರೂ ನೆಟ್ಟವರಿಲ್ಲ. ಆವರಿಕೆ, ಹೊನ್ನಾವರಿಕೆ ಅಂತಲೂ ಕರೀತಾರೆ. ದೀಪಾವಳಿ ಬಂತೆಂದರೆ ಅದರ ಹಳದಿ ಹೂ, ಉತ್ತರಾಣಿ ಕಡ್ಡಿಯ ಜೊತೆ ಸಗಣಿಯುಂಡೆಯ ಮೇಲೆ ಕೂತು ಎಲ್ಲರ ಹೊಸಿಲು ಸೇರುತ್ತದೆ. ಅದೇ ಗಿಡದ ತೊಗಟೆ ಮಾದಿಗರ ಕೇರಿಯ ಬಾನಿಯಲ್ಲಿ ನೆನೆದಾಗ ಮಾತ್ರ ಊರು ಮೂಗು ಮುಚ್ಚಿಕೊಂಡಿತು.

ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಕಂಪನಿ ಸರ್ಕಾರದ ಪರವಾಗಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಬೆಂಗಳೂರಿನ ಮಾದಿಗರು ತೊಗಲು ಹದ ಮಾಡುವ ಕ್ರಮವನ್ನು ಬರೆದುಕೊಂಡ. ಎಕ್ಕದ ಹಾಲು, ಉಪ್ಪು, ರಾಗಿ ಮುದ್ದೆ ಕಲಸಿ ಬಳಿಯುವುದು, ತಂಗಡಿ ತೊಗಟೆಯ ನೀರಲ್ಲಿ ಅದ್ದುವುದು, ಎಲ್ಲವೂ ಅದರಲ್ಲಿದೆ. 1807ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಯಿತು. ಅಲ್ಲಿ ನಮ್ಮವರದು ಜಾತಿಯ ಹೆಸರಷ್ಟೆ.

ತೊಗಲನ್ನು ಬಿಗಿಮಾಡುವ ಆ ಒಗರೇ ಭೇದಿಗೆ, ಬಾಯಿಹುಣ್ಣಿಗೆ ಮದ್ದು. ನಮ್ಮಜ್ಜಿ ತೊಗಟೆ ಕುದಿಸಿ ಬಾಯಿ ಮುಕ್ಕಳಿಸೋಕೆ ಕೊಡೋಳು. ಬಿಸಿಲಲ್ಲಿ ಕಳೆ ಕೀಳೋ ಹೆಂಗಸರು ಎಲೆಯನ್ನು ಸೆರಗಿನಡಿ ತಲೆಗಿಟ್ಟುಕೊಳ್ಳುತ್ತಿದ್ದರು, ತಂಪಿಗೆ. ಅಂದರೆ ಹದ ಮಾಡುವ ಕಸುಬು, ಮದ್ದಿನ ತಿಳಿವಳಿಕೆ ಬೇರೆ ಬೇರೆ ಇರಲಿಲ್ಲ. ಒಂದೇ ಕೈಯ ಅನುಭವ. ನಮ್ಮ ಜಾನಪದ ವಿದ್ವಾಂಸರು ಮದ್ದನ್ನು 'ನಾಟಿ ವೈದ್ಯ'ಕ್ಕೂ ತೊಗಲನ್ನು 'ಕುಲಕಸುಬಿ'ಗೂ ಹಂಚಿಟ್ಟು ಅದನ್ನು ಸೀಳಿದರು. ಸಂಸ್ಕೃತದಲ್ಲಿ 'ಆವರ್ತಕೀ' ಆದ ಮೇಲೆ ಗಿಡ ಶುದ್ಧವಾಯಿತು. ಈಗ ಅದರ ಹೂವಿನ ಪುಡಿ ಸಕ್ಕರೆ ಕಾಯಿಲೆಗೆಂದು ಡಬ್ಬಿಗಳಲ್ಲಿ ಮಾರಾಟಕ್ಕಿದೆ. (ಇಲಿಗಳ ಮೇಲಿನ ಪ್ರಯೋಗದಲ್ಲಿ ಸಕ್ಕರೆ ಇಳಿದದ್ದುಂಟು, ಅದನ್ನು ನಂಬಿ ಯಾರೂ ಮಾತ್ರೆ ಬಿಡಬಾರದು. ಕೇರಿಯದ್ದೆಲ್ಲ ಸತ್ಯ ಅನ್ನೋ ಭಾವುಕತೆ ನಮಗೆ ಬೇಡ.)

ಕಸುಬು ಕೈತಪ್ಪಿದ್ದು ಹೇಗೆ? ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲೇ ಆಲ್ಫ್ರೆಡ್ ಚಾಟರ್ಟನ್ ಮದರಾಸಿನಲ್ಲಿ ಕ್ರೋಮ್ ಹದದ ಪ್ರಯೋಗ ಶುರುಮಾಡಿದ. ಆಫ್ರಿಕಾದ ವಾಟಲ್ ತೊಗಟೆಯೂ ಬಂತು. ಬಾನಿಗಳು ಒಣಗಿದವು, ಅಸ್ಪೃಶ್ಯತೆ ಒಣಗಲಿಲ್ಲ. ಚನ್ನಗಿರಿಯಲ್ಲಿ ಈಗ ಅಡಿಕೆ ತೋಟಗಳು ಬೋರೆಯನ್ನೂ ಏರುತ್ತಿವೆ.

2002ರ ಜೀವವೈವಿಧ್ಯ ಕಾಯ್ದೆ ಸ್ಥಳೀಯ ಜ್ಞಾನ ಬಳಸಿದವರು ಲಾಭ ಹಂಚಬೇಕೆಂದಿತು. 2023ರ ತಿದ್ದುಪಡಿ ಗ್ರಂಥಸ್ಥ ಪಾರಂಪರಿಕ ಜ್ಞಾನ ಬಳಸುವವರಿಗೆ ಅದರಿಂದ ವಿನಾಯಿತಿ ಕೊಟ್ಟಿತು. ಅಕ್ಷರ ನಿರಾಕರಿಸಲ್ಪಟ್ಟವರ ಜ್ಞಾನ ಗ್ರಂಥದಲ್ಲಿ ಯಾರದೋ ಹೆಸರಲ್ಲಿದ್ದರೆ ಪಾಲು ಕೇಳೋರ್ಯಾರು? ಪಂಚಾಯಿತಿಗಳಲ್ಲಿ ಜನತಾ ಜೀವವೈವಿಧ್ಯ ದಾಖಲಾತಿ ಬರೆಯಬೇಕೆಂಬ ನಿಯಮವಿದೆ. ಬರೆಯೋಕೆ ಬಂದವರು ಗೌಡರ ಜಗುಲಿಯಲ್ಲಿ ಕೂರುತ್ತಾರೋ, ಕೇರಿಯ ಮುದುಕಿಯ ಹತ್ತಿರ ಬರುತ್ತಾರೋ ನೋಡಬೇಕು.