ದಾನದ ಅಂಡ ಮತ್ತು ತಾಯಿಯ ಒಡಲು

ಗರ್ಭಧಾರಣೆಯನ್ನು ರೋಗನಿರೋಧಕ ಶಾಸ್ತ್ರದ ಒಗಟಾಗಿ ನೋಡಿದವರಲ್ಲಿ ಬ್ರಿಟನ್ನಿನ ಪೀಟರ್ ಮೆಡವಾರ್ ಮೊದಲಿಗರು. ಒಬ್ಬರ ಚರ್ಮವನ್ನು ಇನ್ನೊಬ್ಬರಿಗೆ ಕಸಿ ಮಾಡಿದರೆ ದೇಹ ಅದನ್ನು ಉಳಿಯಗೊಡುವುದಿಲ್ಲ ಎಂಬುದನ್ನು ಅವರು ಯುದ್ಧಕಾಲದ ಸುಟ್ಟಗಾಯಗಳಲ್ಲಿ ಕಂಡಿದ್ದರು. ಹಾಗಾದರೆ ಅರ್ಧಪಾಲು ತಂದೆಯ ವಂಶವಾಹಿಗಳಿರುವ ಭ್ರೂಣ ಒಂಬತ್ತು ತಿಂಗಳು ಉಳಿಯುವುದು ಹೇಗೆ? ತಾಯಿ ಮಗುವಿನ ನಡುವೆ ತಡೆಗೋಡೆ ಇರಬಹುದು, ಭ್ರೂಣದಲ್ಲಿ ಪರಕೀಯ ಗುರುತುಗಳು ಇನ್ನೂ ಮೂಡಿರಲಿಕ್ಕಿಲ್ಲ, ಇಲ್ಲವೇ ತಾಯಿಯ ನಿರೋಧಕ ಶಕ್ತಿ ಮಂಕಾಗಿರಬಹುದು ಎಂದು 1953ರಲ್ಲಿ ಅವರು ಊಹಿಸಿದರು.

ಉತ್ತರ ಅಷ್ಟು ಸರಳವಾಗಿರಲಿಲ್ಲ. 1958ರಲ್ಲಿ ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ ಯಾನ್ ವಾನ್ ರೋಡ್ ಮತ್ತು ಅಮೆರಿಕದಲ್ಲಿ ರೋಸ್ ಪೇನ್, ಹಲವು ಸಲ ಹೆತ್ತ ತಾಯಂದಿರ ರಕ್ತದಲ್ಲಿ ಪರರ ಬಿಳಿ ರಕ್ತಕಣಗಳ ವಿರುದ್ಧ ಪ್ರತಿಕಾಯಗಳಿರುವುದನ್ನು ತೋರಿಸಿದರು. ತಾಯಿಯ ದೇಹ ಮಗುವಿನಲ್ಲಿರುವ ತಂದೆಯ ಗುರುತನ್ನು ಕಂಡಿತ್ತು. ಕಂಡೂ ಮಗುವನ್ನು ಉಳಿಸಿಕೊಂಡಿತ್ತು. ಇಂದು ಅಂಗಾಂಗ ಕಸಿಗೆ ಮೊದಲು ಹೊಂದಿಸಿ ನೋಡುವ ಎಚ್‌ಎಲ್‌ಎ ಗುರುತುಗಳು ಬೆಳಕಿಗೆ ಬಂದದ್ದರಲ್ಲಿ ಈ ತಾಯಂದಿರ ರಕ್ತದ ಪಾಲು ದೊಡ್ಡದು.

1983ರಲ್ಲಿ ಒಗಟು ಇನ್ನಷ್ಟು ಬಿಗಿಯಾಯಿತು. ಮೆಲ್ಬರ್ನ್‌ನ ಮೊನಾಶ್ ವಿಶ್ವವಿದ್ಯಾಲಯದ ತಂಡ, ಅಂಡಾಶಯ ಕೆಲಸ ಮಾಡದ ಮಹಿಳೆಯೊಬ್ಬರ ಗರ್ಭಕೋಶಕ್ಕೆ ದಾನದ ಅಂಡದಿಂದಾದ ಭ್ರೂಣವನ್ನು ಸೇರಿಸಿತು. ಮಾಸು ತಾನೇ ಹಾರ್ಮೋನು ತಯಾರಿಸುವವರೆಗೆ ಹೊರಗಿನಿಂದ ಈಸ್ಟ್ರೊಜನ್, ಪ್ರೊಜೆಸ್ಟರೋನ್ ಕೊಡಲಾಯಿತು. ಆ ವರ್ಷದ ಕೊನೆಗೆ ಮಗು ಹುಟ್ಟಿತು. 1984ರ ಆರಂಭದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬೇರೆ ವಿಧಾನದಿಂದ ಇನ್ನೊಂದು ಮಗು ಜನಿಸಿತು. ಅಲ್ಲಿ ದಾನಿಯ ಒಡಲಲ್ಲೇ ಫಲಿತ ಭ್ರೂಣವನ್ನು ತೊಳೆದು ತೆಗೆದು ಸಾಗಿಸಲಾಗಿತ್ತು. ಇಂಥ ಬಸಿರಿನಲ್ಲಿ ತಾಯಿಯ ಅರ್ಧಪಾಲೂ ಇರುವುದಿಲ್ಲ. ಎಚ್‌ಎಲ್‌ಎ ಗುರುತುಗಳು ಆಕಸ್ಮಿಕವಾಗಿ ಕೂಡಿಬಂದರೆ ಉಂಟು, ಇಲ್ಲದಿದ್ದರೆ ಭ್ರೂಣ ಪೂರ್ತಿ ಪರಕೀಯ. ಆದರೂ ಬಹುಪಾಲು ಬಸಿರುಗಳು ಸುಖವಾಗಿ ಮುಗಿಯುತ್ತವೆ. ಇದು ನಿಜಕ್ಕೂ ಬೆರಗು ಹುಟ್ಟಿಸುವ ಸಂಗತಿ.

ಈ ಹೊಂದಾಣಿಕೆ ನಡೆಯುವುದು ಗರ್ಭಕೋಶದ ಒಳಪದರದಲ್ಲಿ. ಬಸಿರಿನ ಮೊದಲ ತಿಂಗಳುಗಳಲ್ಲಿ ಅಲ್ಲಿರುವ ಬಿಳಿ ರಕ್ತಕಣಗಳಲ್ಲಿ ಸುಮಾರು ಶೇಕಡಾ 70ರಷ್ಟು ‘ನ್ಯಾಚುರಲ್ ಕಿಲ್ಲರ್’ ಕಣಗಳು. ಹೆಸರು ಕೊಲೆಗಾರನದಾದರೂ ಅವುಗಳ ಕೆಲಸ ಬೇರೆ: ಮಾಸಿಗೆ ರಕ್ತ ಹರಿಸುವ ಸುರುಳಿ ರಕ್ತನಾಳಗಳು ಅಗಲವಾಗಲು ಅವು ನೆರವಾಗುತ್ತವೆ. ಮಾಸಿನ ಕಣಗಳು ದಾಳಿಯನ್ನು ಕೆರಳಿಸುವ ಎಚ್‌ಎಲ್‌ಎ-ಎ ಮತ್ತು ಬಿ ಗುರುತುಗಳನ್ನು ಮರೆಮಾಡುತ್ತವೆ. ಒಳಪದರಕ್ಕೆ ಇಳಿಯುವ ಕಣಗಳು ಎಚ್‌ಎಲ್‌ಎ-ಜಿ ಮತ್ತು ಸಿ ಗುರುತುಗಳನ್ನು ಮುಂದೆ ಮಾಡುತ್ತವೆ. ಜಿ ಎಲ್ಲರಲ್ಲೂ ಹೆಚ್ಚುಕಡಿಮೆ ಒಂದೇ. ಸಿ ಮಾತ್ರ ಒಬ್ಬರಿಂದೊಬ್ಬರಿಗೆ ಬೇರೆ. ನಿಯಂತ್ರಕ ಟಿ ಕಣಗಳು ಉಳಿದ ಟಿ ಕಣಗಳ ಉಗ್ರತೆಯನ್ನು ತಗ್ಗಿಸುತ್ತವೆ. ದಾನದ ಅಂಡದ ಬಸಿರಿನಲ್ಲಿ ಈ ಎಲ್ಲ ಏರ್ಪಾಟುಗಳ ಮೇಲೂ ಹೊರೆ ಹೆಚ್ಚು.

ಆ ಹೊರೆಯ ಗುರುತುಗಳೂ ಕ್ರಮೇಣ ಕಂಡವು. ತಾಯಿಯ ರಕ್ತದೊತ್ತಡ ಏರುವ ಪ್ರಿಎಕ್ಲಾಂಪ್ಸಿಯಾ, ಸ್ವಂತ ಅಂಡದ ಪ್ರನಾಳ ಶಿಶುಗಳ ಬಸಿರಿಗಿಂತ ಇಲ್ಲಿ ಹೆಚ್ಚು. ತಾಯಿಯ ವಯಸ್ಸು, ಅವಳಿ ಬಸಿರು ಇವುಗಳನ್ನು ಲೆಕ್ಕಕ್ಕೆ ಹಿಡಿದ ಮೇಲೂ ವ್ಯತ್ಯಾಸ ಅಳಿಯಲಿಲ್ಲ. ಸೂಕ್ಷ್ಮದರ್ಶಕದಡಿ ಕೆಲವು ಮಾಸುಗಳ ತಾಯಿಯ ಬದಿಯಲ್ಲಿ ದಟ್ಟ ಫೈಬ್ರಿನ್ ಪದರವೂ ದೀರ್ಘಕಾಲದ ಉರಿಯೂತವೂ ಕಂಡವು. ಕಸಿ ಮಾಡಿದ ಅಂಗವನ್ನು ದೇಹ ನಿರಾಕರಿಸುವಾಗಿನ ನೋಟವನ್ನು ಇದು ಹೋಲುತ್ತದೆ. ವಾನ್ ರೋಡ್ ಅವರ ಲೈಡನ್‌ನಲ್ಲೇ ಮುಂದಿನ ತಲೆಮಾರಿನ ಸಂಶೋಧಕರು ತಾಯಿ ಮಗುವಿನ ಎಚ್‌ಎಲ್‌ಎ ಹೊಂದಿಕೆಯನ್ನು ಅಳೆಯಲು ತೊಡಗಿದರು. ಆದರೆ ದಾನಿಯನ್ನು ಆರಿಸುವಾಗ ಸಾಮಾನ್ಯವಾಗಿ ನೋಡುವುದು ರಕ್ತದ ಗುಂಪು, ಮೈಬಣ್ಣ, ಸೋಂಕಿನ ಪರೀಕ್ಷೆ. ಎಚ್‌ಎಲ್‌ಎ ಹೊಂದಿಸುವ ರೂಢಿ ಇಲ್ಲ. ಹಾಗಾಗಿ ಸದ್ಯಕ್ಕೆ ವೈದ್ಯರ ಕೈಯಲ್ಲಿರುವುದು ತಾಯಿಯ ರಕ್ತದೊತ್ತಡವನ್ನು ಮೊದಲಿನಿಂದಲೇ ಎಚ್ಚರದಿಂದ ಗಮನಿಸುವುದು, ಅಗತ್ಯ ಕಂಡವರಿಗೆ ಅಲ್ಪ ಪ್ರಮಾಣದ ಆಸ್ಪಿರಿನ್ ಕೊಡುವುದು.