ಬೇಸಿಗೆಯ ತೋಟದೂಟ: ಬೆಸಗರಹಳ್ಳಿ ಸೀಮೆಯ ತಿಂಡಿ, ಪಾನೀಯ ಮತ್ತು ಜೈನ ಆಹಾರ ಮರ್ಯಾದೆ

ಮದ್ದೂರು ತಾಲ್ಲೂಕಿನ ಬೆಸಗರಹಳ್ಳಿ ಎಂದರೆ ಕನ್ನಡ ಓದುಗರಿಗೆ ಮೊದಲು ನೆನಪಾಗುವುದು ಕಥೆಗಾರ ಬೆಸಗರಹಳ್ಳಿ ರಾಮಣ್ಣ. ಜೈನ ಯಾತ್ರಿಕರಿಗೆ ಈ ಸೀಮೆ ಬೇರೆ ಕಾರಣಕ್ಕೂ ಪರಿಚಿತ. ಇದೇ ತಾಲ್ಲೂಕಿನ ಆರೆತಿಪ್ಪೂರಿನ ಬೆಟ್ಟದ ಮೇಲೆ ಬಾಹುಬಲಿ ಮೂರ್ತಿಯಿದೆ. ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯಲ್ಲಿ ಗಂಗರ ಕಾಲದ ಪಂಚಕೂಟ ಬಸದಿಯಿದೆ. ಅದನ್ನು ದಾಟಿ ಮುಂದೆ ಹೋದರೆ ಶ್ರವಣಬೆಳಗೊಳ. ಮಕ್ಕಳಿಗೆ ರಜೆ ಸಿಗುವ ಏಪ್ರಿಲ್, ಮೇ ತಿಂಗಳಲ್ಲಿ ದರ್ಶನ ಮುಗಿಸಿದ ಕುಟುಂಬಗಳು ತೆಂಗಿನ ತೋಟದಲ್ಲೋ ಹುಣಸೆ ಮರದ ನೆರಳಲ್ಲೋ ಕುಳಿತು ಬುತ್ತಿ ಬಿಚ್ಚುವುದುಂಟು. ನೆಂಟರನ್ನು, ಊರಿನ ಸ್ನೇಹಿತರನ್ನು ಅಲ್ಲಿಗೇ ಕರೆಯುವುದೂ ಉಂಟು. ಮಂಡ್ಯ ಸೀಮೆಯಲ್ಲಿ ಮರದಡಿಯ ಔತಣ ಎಂದರೆ ಬಾಡೂಟ ಎಂದೇ ಹಲವರ ಲೆಕ್ಕ. ಆದ್ದರಿಂದ ಕರೆಯುವಾಗಲೇ ಜೈನ ಊಟ ಎಂದು ಹೇಳಿಬಿಡುವುದು ಒಳ್ಳೆಯದು.

ಬೇಸಿಗೆಯ ಹೊರಾಂಗಣ ಊಟದಲ್ಲಿ ಮೊದಲು ಎಡವುವುದು ಅಡುಗೆಯಲ್ಲಲ್ಲ, ಹೊತ್ತಿನಲ್ಲಿ. ಬಿಸಿಲು ತಗ್ಗಲಿ ಎಂದು ಸಂಜೆ 6 ಗಂಟೆಗೆ ಕರೆದರೆ ಅನಸ್ತಮಿತ ವ್ರತದ ಹಿರಿಯರು ಎಲೆಯ ಮುಂದೆ ಸುಮ್ಮನೆ ಕೂರಬೇಕಾಗುತ್ತದೆ. ಈ ತಿಂಗಳುಗಳಲ್ಲಿ ಇಲ್ಲಿ ಸೂರ್ಯಾಸ್ತ 6.30ರ ನಂತರ, ಸುಮಾರು 6.45ರೊಳಗೆ. ಸೂರ್ಯಾಸ್ತಕ್ಕೆ ಎರಡು ಗಳಿಗೆ, ಅಂದರೆ 48 ನಿಮಿಷ, ಮೊದಲೇ ಊಟ ಮುಗಿಸುವ ಕಟ್ಟುನಿಟ್ಟಿನವರಿಗೆ 5.45ಕ್ಕೆ ಎಲ್ಲವೂ ಮುಗಿದಿರಬೇಕು. ರಾತ್ರಿ ನೀರನ್ನೂ ಬಿಟ್ಟವರು ಬಿಸಿಲಲ್ಲಿ ದಣಿದು ಬಂದಿದ್ದರೆ ಊಟಕ್ಕಿಂತ ಮೊದಲು ಅವರಿಗೆ ಸಾಕಷ್ಟು ನೀರು ಸಿಗಬೇಕು. ಕೊನೆಯ ಗಳಿಗೆಯಲ್ಲಿ ಒಂದು ಲೋಟ ಕೊಟ್ಟರೆ ಸಾಲದು. ಹೀಗಾಗಿ 3.30ಕ್ಕೆ ಪಾನೀಯ, 4.30ಕ್ಕೆ ತಿಂಡಿ ಎಂಬ ಏರ್ಪಾಡು ವಾಸಿ. ಬಯಲಲ್ಲಿ ಕತ್ತಲಾದ ಮೇಲೆ ದೀಪ ಹಚ್ಚಿದರೆ ಹುಳುಗಳು ಮುತ್ತಿ ಅನ್ನಕ್ಕೇ ಬೀಳುತ್ತವೆ. ರಾತ್ರಿ ಭೋಜನ ತ್ಯಾಗದ ಕಾರಣ ಮನೆಯೊಳಗಿನ ವಿದ್ಯುತ್ ಬೆಳಕಿಗಿಂತ ತೋಟದಲ್ಲಿ ಮಕ್ಕಳಿಗೆ ಬೇಗ ಅರ್ಥವಾಗುತ್ತದೆ.

ನೀರು ಮತ್ತು ಪಾನಕ

ಎರಡು ಮಡಿಕೆಯ ದಪ್ಪ ಬಟ್ಟೆಯಲ್ಲಿ ಗಾಳಿಸಿದ ನೀರಿಗೆ ದಿಗಂಬರ ಸಂಪ್ರದಾಯದಲ್ಲಿ 48 ನಿಮಿಷದ ಮರ್ಯಾದೆ. ಲವಂಗ, ಏಲಕ್ಕಿಯಂಥದ್ದನ್ನು ಪುಡಿ ಮಾಡಿ ಹಾಕಿ ಬಣ್ಣ, ರುಚಿ ಬದಲಾಗುವಂತೆ ಪ್ರಾಸುಕ ಮಾಡಿದರೆ ಎರಡು ಪ್ರಹರ, ಅಂದರೆ 6 ಗಂಟೆ. ಚೆನ್ನಾಗಿ ಕುದಿಸಿದ ನೀರಿಗೆ 24 ಗಂಟೆ. ಪ್ರಯಾಣಕ್ಕೆ ಕುದಿಸಿ ಆರಿಸಿದ ನೀರೇ ಅನುಕೂಲ. ತೋಟದ ಬಾವಿ, ಕೊಳವೆಬಾವಿಯ ನೀರನ್ನು ಅಲ್ಲೇ ಗಾಳಿಸುವುದಾದರೆ ಬಟ್ಟೆಯಲ್ಲಿ ಉಳಿದದ್ದನ್ನು ಅದೇ ನೀರಿಗೆ ಮರಳಿಸಬೇಕು. ಕೊಳವೆಬಾವಿಯಲ್ಲಿ ಇದು ಸಾಧ್ಯವಾಗದ್ದರಿಂದ ಬಾವಿ ನೀರಿಗೇ ಆದ್ಯತೆ ಕೊಡುವ ಮನೆಗಳಿವೆ. ತಣ್ಣಗಾಗಲು ಅಂಗಡಿಯ ಮಂಜುಗಡ್ಡೆ ಬೇಡ. ಅದು ಗಾಳಿಸದ ನೀರಿನದ್ದಾಗಿರುವ ಸಂಭವವಿದೆ, ಮೇಲಾಗಿ ಶ್ವೇತಾಂಬರರು ಹೇಳುವ 22 ಅಭಕ್ಷ್ಯಗಳಲ್ಲಿ ಮಂಜುಗಡ್ಡೆಯೂ ಒಂದು. ಮಣ್ಣಿನ ಹೂಜಿಗೆ ಒದ್ದೆ ಬಟ್ಟೆ ಸುತ್ತಿ ಗಾಳಿಯಾಡುವ ನೆರಳಿನಲ್ಲಿಟ್ಟರೆ ಗಂಟಲಿಗೆ ಹಿತವಾಗುವಷ್ಟು ತಂಪು ಸಿಗುತ್ತದೆ.

ಪಾನಕ ಜೈನರ ಮನೆಗೆ ಹೇಳಿ ಮಾಡಿಸಿದ ಪಾನೀಯ. ಹಸಿ ಶುಂಠಿ ಕಂದಮೂಲವಾದ್ದರಿಂದ ಬಳಕೆಯಿಲ್ಲ, ಒಣ ಶುಂಠಿಗೆ ಅಡ್ಡಿಯಿಲ್ಲ. ಪಾನಕಕ್ಕೆ ಬೇಕಾಗಿರುವುದೂ ಒಣ ಶುಂಠಿಯೇ. 1 ಲೀಟರ್ ನೀರಿಗೆ 150 ಗ್ರಾಂ ಬೆಲ್ಲ, ಅರ್ಧ ಚಮಚ ಶುಂಠಿ ಪುಡಿ, ನಾಲ್ಕು ಏಲಕ್ಕಿ, ಚಿಟಿಕೆ ಮೆಣಸಿನ ಪುಡಿ (ಕಾಳುಮೆಣಸು), ಒಂದು ನಿಂಬೆಹಣ್ಣು. ಮಂಡ್ಯದ ಬೆಲ್ಲ ಕೈಗೆಟಕುವಲ್ಲೇ ಇದೆ. ಬಿಳಿಚಿಕೊಂಡ ಹಳದಿ ಅಚ್ಚಿಗಿಂತ ಕಂದು ಬಣ್ಣದ್ದು ಮೇಲು. ಬೆಲ್ಲದಲ್ಲಿ ಇರುವೆ, ಕಸ ಇರುವುದು ಸಾಮಾನ್ಯ. ಮೊದಲು ಹಗಲ ಬೆಳಕಿನಲ್ಲಿ ಒಡೆದು ನೋಡಿ, ಆಮೇಲೆ ಕರಗಿಸಿ ಸೋಸಬೇಕು.

ಕಬ್ಬಿನ ಹಾಲಿಗೆ ಜೈನರಲ್ಲಿ ವಿಶೇಷ ಸ್ಥಾನವಿದೆ. ದೀರ್ಘ ಉಪವಾಸದ ನಂತರ ಭಗವಾನ್ ಆದಿನಾಥರಿಗೆ ಹಸ್ತಿನಾಪುರದ ರಾಜ ಶ್ರೇಯಾಂಸ ನೀಡಿದ ಮೊದಲ ಆಹಾರ ಇಕ್ಷುರಸ. ಅದರ ನೆನಪೇ ಬೇಸಿಗೆಯ ನಡುವೆ ಬರುವ ಅಕ್ಷಯ ತೃತೀಯ. ಆದರೆ ರಸ್ತೆ ಬದಿಯ ಗಾಣದಲ್ಲಿ ಕಬ್ಬಿನ ಜೊತೆ ಹಸಿ ಶುಂಠಿಯನ್ನೂ ಅರೆಯುತ್ತಾರೆ, ಮಂಜುಗಡ್ಡೆ ಹಾಕುತ್ತಾರೆ. ‘ಶುಂಠಿ ಬೇಡ’ ಎಂದರೂ ಹಿಂದಿನ ಗಿರಾಕಿಯ ಶುಂಠಿ ಗಾಣದಲ್ಲಿ ಉಳಿದಿರುತ್ತದೆ. ಪರಿಚಯದ ರೈತರಲ್ಲಿ ಗಾಣ ತೊಳೆಸಿ, ಕಬ್ಬು ಒರೆಸಿ, ಬಟ್ಟೆಯಲ್ಲಿ ಸೋಸಿ ಆಗಲೇ ಕುಡಿಯುವುದಾದರೆ ಮಾತ್ರ ಸರಿ. ನೀರಾ ಇಳಿಸಿದ ಸ್ವಲ್ಪ ಹೊತ್ತಿನಲ್ಲೇ ಹುಳಿಯುವ ಪಾನೀಯ. ಜೈನ ಔತಣದಲ್ಲಿ ಅದನ್ನು ಇಡದಿರುವುದೇ ಸರಿ.

ಇಷ್ಟೆಲ್ಲ ಯೋಚನೆಯೇ ಬೇಡ ಎನ್ನುವವರಿಗೆ ಎಳನೀರಿದೆ. ಮದ್ದೂರಿನ ಎಳನೀರು ಮಾರುಕಟ್ಟೆಯಿಂದ ದೂರದ ಮುಂಬೈ, ದೆಹಲಿಗೂ ಲಾರಿಗಳು ಹೋಗುತ್ತವೆ. ಕಾಯಿ ಒಡೆದ ಕೂಡಲೇ ಕುಡಿದರೆ ಗಾಳಿಸುವ, ಕಾಯಿಸುವ ಕೆಲಸವಿಲ್ಲ. ಸಚಿತ್ತ ತ್ಯಾಗ ಮಾಡಿದ ವ್ರತಿಗಳಿದ್ದರೆ ಅವರನ್ನು ಮೊದಲೇ ಕೇಳಿ ಕುದಿಸಿದ ನೀರು ಬೇರೆ ಇಡಬೇಕು.

ಮಜ್ಜಿಗೆ ಇದ್ದಲ್ಲಿ ಬೇಳೆ ಬೇಡ

ಪಾನಕ, ಕೋಸಂಬರಿ, ನೀರುಮಜ್ಜಿಗೆ ಕನ್ನಡ ನಾಡಿನ ಬೇಸಿಗೆಯ ಜೋಡಿ. ಜೈನ ಎಲೆಯಲ್ಲಿ ಮಾತ್ರ ಈ ಮೂರೂ ಒಟ್ಟಿಗೆ ಬರಬಾರದು. ಹಸಿ ಹಾಲಿನ ಮೊಸರು, ಮಜ್ಜಿಗೆ ಬೇಳೆಕಾಳಿನೊಡನೆ ಸೇರಿದರೆ ದ್ವಿದಳ ದೋಷ. ಕಾಯಿಸಿದ ಹಾಲಿನ ಮೊಸರಾದರೂ ದೋಷವೇ ಎನ್ನುವ ದಿಗಂಬರ ಮನೆಗಳಿವೆ. ಮೊಸರನ್ನೇ ಬಿಸಿ ಮಾಡಿ ಬಳಸಿದರೆ ದೋಷವಿಲ್ಲ ಎನ್ನುವುದು ಶ್ವೇತಾಂಬರ ರೂಢಿ. ಮನೆಯಿಂದ ಮನೆಗೆ ಆಚರಣೆ ಬೇರೆಯಾದ್ದರಿಂದ ಅತಿಥಿಗಳಿರುವಾಗ ಕಟ್ಟುನಿಟ್ಟಾದದ್ದನ್ನೇ ಪಾಲಿಸುವುದು ಕ್ಷೇಮ. ಹೆಸರುಬೇಳೆ ಕೋಸಂಬರಿ ಮಾಡಿದ ದಿನ ಪಾನಕ ಇರಲಿ, ಮಜ್ಜಿಗೆ ಬೇಡ. ಮಜ್ಜಿಗೆ ಇದ್ದರೆ ಅಂಬೊಡೆ, ಕಡಲೆಹಿಟ್ಟಿನ ಬಜ್ಜಿ, ಕಡಲೆಬೇಳೆ ಹಾಕಿದ ಮಾವಿನಕಾಯಿ ಚಿತ್ರಾನ್ನ ಬೇಡ. ಎಲ್ಲರೂ ಮರೆಯುವುದು ಮೊಸರನ್ನದ ಒಗ್ಗರಣೆಯನ್ನು. ಅಲ್ಲಿನ ಉದ್ದಿನಬೇಳೆಯೂ ದ್ವಿದಳವೇ. ಸಾಸಿವೆ, ಜೀರಿಗೆ, ಕರಿಬೇವು, ಇಂಗು ಸಾಕು.

ಇಲ್ಲಿ ಮದ್ದೂರು ವಡೆ ನೆರವಿಗೆ ಬರುತ್ತದೆ. 1917ರ ಸುಮಾರಿಗೆ ಮದ್ದೂರು ರೈಲು ನಿಲ್ದಾಣದಲ್ಲಿ ಈ ವಡೆ ಹುಟ್ಟಿತು ಎಂಬ ಕಥೆ ಎಲ್ಲರೂ ಕೇಳಿದ್ದೇ. ಹೆಸರು ವಡೆಯಾದರೂ ಇದರಲ್ಲಿ ಬೇಳೆಯಿಲ್ಲ. ಅಕ್ಕಿಹಿಟ್ಟು, ಚಿರೋಟಿ ರವೆ, ಮೈದಾ ಅಷ್ಟೇ. ಹಾಗಾಗಿ ಮಜ್ಜಿಗೆಯ ಜೊತೆ ಧಾರಾಳವಾಗಿ ಸಲ್ಲುತ್ತದೆ. ತೊಡಕು ಈರುಳ್ಳಿಯೊಂದೇ. ಅಂಗಡಿಯ ವಡೆ ಈರುಳ್ಳಿಯಿಲ್ಲದೆ ಸಿಗುವುದು ಕಷ್ಟ, ಮನೆಯಲ್ಲೇ ಮಾಡಬೇಕು. 2 ಲೋಟ ಅಕ್ಕಿಹಿಟ್ಟು, 1 ಲೋಟ ಚಿರೋಟಿ ರವೆ, ಅರ್ಧ ಲೋಟ ಮೈದಾಗೆ ಕಾಲು ಲೋಟ ಬಿಸಿ ಎಣ್ಣೆ ಅಥವಾ ತುಪ್ಪ ಹಾಕಿ ಹಿಟ್ಟು ಹುಡಿಹುಡಿಯಾಗುವಂತೆ ಉಜ್ಜಬೇಕು. ಈರುಳ್ಳಿ ಕೊಡುವ ತೇವ, ಸಿಹಿ ಎರಡನ್ನೂ ತುರಿದ ಬಾಳೆಕಾಯಿ ಮತ್ತು ಹಸಿ ತೆಂಗಿನ ತುರಿ ತಕ್ಕಮಟ್ಟಿಗೆ ತುಂಬುತ್ತವೆ. ಹೆಚ್ಚಿದ ಹಸಿಮೆಣಸಿನಕಾಯಿ, ಧಾರಾಳ ಕರಿಬೇವು, ಜೀರಿಗೆ, ಉಪ್ಪು ಸೇರಿಸಿ ಸ್ವಲ್ಪವೇ ನೀರಿನಲ್ಲಿ ಗಟ್ಟಿಯಾಗಿ ಕಲಸಿ, ತೆಳ್ಳಗೆ ತಟ್ಟಿ, ಹದ ಉರಿಯಲ್ಲಿ ನಿಧಾನ ಕರಿಯಬೇಕು. ಉರಿ ಹೆಚ್ಚಾದರೆ ಹೊರಗೆ ಕಪ್ಪು, ಒಳಗೆ ಹಸಿ. ಈರುಳ್ಳಿ ವಡೆಯ ಘಮ ಇದಕ್ಕೆ ಬಾರದು ನಿಜ, ಆದರೆ ಗರಿಗರಿ ಚೆನ್ನಾಗಿಯೇ ಉಳಿಯುತ್ತದೆ. ಹಿಟ್ಟಿನ ಮರ್ಯಾದೆ ಬೇಸಿಗೆಯಲ್ಲಿ 5 ದಿನ. ಚಳಿಗಾಲದಲ್ಲಿ 7, ಮಳೆಗಾಲದಲ್ಲಿ 3. ಆದ್ದರಿಂದ ವ್ರತಿಗಳಿಗಾಗಿ ಹಿಟ್ಟು, ರವೆ ಹೊಸದಾಗಿ ಬೀಸಿದ್ದಿರಲಿ, ಮೈದಾ ಬದಲು ಮನೆಯ ಗೋಧಿಹಿಟ್ಟಾದರೂ ನಡೆಯುತ್ತದೆ.

ರಾಗಿ ಅಂಬಲಿಯೂ ಮಜ್ಜಿಗೆಗೆ ಹೊಂದುತ್ತದೆ, ರಾಗಿ ದ್ವಿದಳವಲ್ಲ. ರಾತ್ರಿಯಿಡೀ ಹುಳಿಬರಿಸುವ ಹಳ್ಳಿಯ ಕ್ರಮ ಮಾತ್ರ ಬಿಡಬೇಕು. ಅಂದೇ ಕಾಯಿಸಿ ಆರಿಸಿ, ಅಂದೇ ಕಡೆದ ಮಜ್ಜಿಗೆ ಬೆರೆಸಬೇಕು. ಹಣ್ಣಿನ ತಟ್ಟೆಯಲ್ಲಿ ಮಾವು, ಬಾಳೆ, ಕರಬೂಜ ಇರಲಿ. ಅಂಜೂರ, ಅತ್ತಿ ಪಂಚ ಉದುಂಬರಗಳ ಸಾಲಿನವು, ಜೇನು ನಿಷಿದ್ಧ. ಅಷ್ಟಮಿ, ಚತುರ್ದಶಿಯಂದು ಹಸಿರು ತರಕಾರಿ ಬಿಡುವವರಿರುತ್ತಾರೆ, ದಿನ ಗೊತ್ತುಮಾಡುವ ಮುನ್ನ ಪಂಚಾಂಗ ನೋಡುವುದು ಒಳ್ಳೆಯದು.

ಕೂರುವ ಜಾಗ

ಇರುವೆ ಗೂಡಿಲ್ಲದ ಕಡೆ ಆರಿಸಿ, ಮೆತ್ತನೆಯ ಪೊರಕೆಯಿಂದ ಹಗುರವಾಗಿ ಗುಡಿಸಿ ಜಮಖಾನ ಹಾಸಬೇಕು. ಇರುವೆ ಬಾರದಿರಲೆಂದು ಪಾತ್ರೆಯನ್ನು ನೀರಿನ ತಟ್ಟೆಯಲ್ಲಿಡುವ ರೂಢಿಯಿದೆ. ಅದರಲ್ಲಿ ಇರುವೆ ಬಿದ್ದು ಸಾಯುವುದರಿಂದ ಜೈನರಿಗೆ ಅದು ಸಲ್ಲದು. ಒಣ ಬಟ್ಟೆ ಮುಚ್ಚಿ ಎತ್ತರದಲ್ಲಿಟ್ಟರೆ ಸಾಕು. ಬಾಳೆಲೆ, ಅಡಿಕೆ ಹಾಳೆಯ ತಟ್ಟೆಗಳನ್ನು ಎರಡೂ ಬದಿ ನೋಡಿ ಒರೆಸಿ ಹಾಕಬೇಕು. ತಟ್ಟೆಯಲ್ಲಿ ಉಳಿಸದಂತೆ ಕಡಿಮೆ ಬಡಿಸಿ ಮತ್ತೆ ಮತ್ತೆ ಕೇಳುವುದು ಬಯಲಲ್ಲಿ ಇನ್ನೂ ಮುಖ್ಯ, ಚೆಲ್ಲಿದ ಪಾನಕಕ್ಕೆ ನಿಮಿಷದಲ್ಲಿ ಇರುವೆ ಸಾಲು ಬರುತ್ತದೆ. ಕುಡಿದ ಎಳನೀರಿನ ಬುರುಡೆಗಳನ್ನು ಹಾಗೇ ಬಿಟ್ಟರೆ ಮುಂಗಾರಿನ ಮೊದಲ ಮಳೆಗೆ ನೀರು ನಿಂತು ಸೊಳ್ಳೆ ಮರಿ ಮಾಡುತ್ತವೆ. ಎರಡಾಗಿ ಸೀಳಿ ಬೋರಲು ಹಾಕಿದರೆ ಒಣಗಿ ತೋಟದವರ ಒಲೆಗೆ ಆಗುತ್ತವೆ.